ಬೀಗ ಹಾಕಿದ್ದು ನೆನಪಿಲ್ಲ, ಅಲಾರಂ ಆರಿಸಿ ಮತ್ತೆ ಮರೆವು: ದಿನನಿತ್ಯದ ಪರಧ್ಯಾನಕ್ಕೆ ಏನು ದಾರಿ?

ಎಲ್ಲಿಟ್ಟೆ ಕೇಳಿದ್ದು:

ದೊಡ್ಡ ವಿಷಯ ಯಾವುದೂ ಮರೆಯುವುದಿಲ್ಲ, ಮರೆಯುವುದೆಲ್ಲ ಸಣ್ಣಪುಟ್ಟದ್ದು. ಕೀ, ಕನ್ನಡಕ ಎಲ್ಲಿಟ್ಟದ್ದು ಅಂತ ದಿನಾ ಹುಡುಕಾಟ. ಬೀಗ ಹಾಕಿರುತ್ತದೆ, ಒಲೆ ಆರಿಸಿರುತ್ತದೆ, ಆದರೆ ಹಾಕಿದ ನೆನಪು, ಆರಿಸಿದ ನೆನಪು ಇರುವುದಿಲ್ಲ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದರೆ ಯಾಕೆ ಬಂದದ್ದು ಅನ್ನುವುದೇ ಹೊಳೆಯುವುದಿಲ್ಲ. ಸಂಜೆ ಯಾರಿಗೋ ಫೋನ್ ಮಾಡಬೇಕು, ರಾತ್ರಿ ಮಾತ್ರೆ ನುಂಗಬೇಕು ಅನ್ನುವಂಥವು ಅಲಾರಂ ಇಟ್ಟರೂ ತಪ್ಪುತ್ತವೆ. "ಗಮನ ಕೊಟ್ಟು ಮಾಡು" ಅನ್ನುವ ಉಪದೇಶ ಸಾಕಷ್ಟು ಆಗಿದೆ. ಏನನ್ನು ಎಲ್ಲಿಡಬೇಕು, ಯಾವುದನ್ನು ಹೇಗೆ ಮಾಡಬೇಕು ಅಂತ ತಿಳಿದವರು ಹೇಳಿ. ನೆನಪಿನ ಶಕ್ತಿ ಹೆಚ್ಚಿಸುವ ಆ್ಯಪ್, ಟಾನಿಕ್ ಬೇಡ.

ಗೋಡೆಗೂಟ ಉತ್ತರಿಸಿದ್ದು:

ನೀವು ಬರೆದ ನಾಲ್ಕೂ ಒಂದೇ ತೊಂದರೆಯಲ್ಲ. ಎಲ್ಲಕ್ಕೂ "ಮರೆವು" ಅಂತ ಹೆಸರಿಟ್ಟು ಒಂದೇ ಮದ್ದು ಹುಡುಕುವುದರಿಂದಲೇ ಯಾವುದೂ ನಾಟುವುದಿಲ್ಲ. ನಾನು ಕೀ, ಕನ್ನಡಕದ ಮಾತಷ್ಟೇ ಹೇಳುತ್ತೇನೆ.

ಕೀ ಇಟ್ಟ ಜಾಗ ಮರೆತುಹೋದದ್ದಲ್ಲ, ಅದು ನೆನಪಿನೊಳಗೆ ಹೋಗಲೇ ಇಲ್ಲ. ಕೈ ಕೀ ಇಡುವಾಗ ಮನಸ್ಸು ಬೇರೆಲ್ಲೋ ಇತ್ತು. ದಿನಾ ಕಣ್ಣಿಗೆ ಬಿದ್ದ ಮಾತ್ರಕ್ಕೆ ಏನೂ ನೆನಪಿನಲ್ಲಿ ಉಳಿಯುವುದಿಲ್ಲ. 1979ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ನಿಕರ್ಸನ್ ಮತ್ತು ಆಡಮ್ಸ್ ಒಂದು ಸೆಂಟ್ ನಾಣ್ಯದ 15 ಚಿತ್ರಗಳನ್ನು ಮುಂದಿಟ್ಟು, ಇದರಲ್ಲಿ ಸರಿಯಾದದ್ದು ಯಾವುದು ಅಂತ ಕೇಳಿದರು. ಅದೇ ನಾಣ್ಯ ಬಳಸಿ ಬೆಳೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಪ್ಪಿದರು. ಆದ್ದರಿಂದ ನೆನಪಿಟ್ಟುಕೊಳ್ಳುವ ಪಣ ತೊಡುವುದು ಬಿಟ್ಟು ಜಾಗ ಗೊತ್ತುಮಾಡಿ.

ಬಾಗಿಲು ದಾಟಿ ಎರಡು ಹೆಜ್ಜೆಯೊಳಗೆ, ಭುಜದ ಎತ್ತರದಲ್ಲಿ, ಬಾಗಿಲು ತೆರೆದ ಕೈಗೇ ಸಿಗುವಂತೆ ಒಂದು ಕೊಕ್ಕೆ ಹೊಡೆಯಿರಿ. ಮೇಜಿನ ಮೇಲಿನ ಬಟ್ಟಲು ಬೇಡ. ವಾರ ಕಳೆಯುವುದರೊಳಗೆ ಅದರಲ್ಲಿ ರಸೀದಿ, ಚಿಲ್ಲರೆ, ಹಳೆ ಸೆಲ್ಲು ತುಂಬಿ ಕೀ ಮುಳುಗಿಹೋಗುತ್ತದೆ. ಕೊಕ್ಕೆಯಲ್ಲಿ ಕೀ ಬಿಟ್ಟು ಬೇರೇನೂ ನಿಲ್ಲುವುದಿಲ್ಲ, ಖಾಲಿಯಿದ್ದರೆ ದೂರದಿಂದಲೇ ಗೊತ್ತಾಗುತ್ತದೆ. ಕ್ರಮ ಮುಖ್ಯ: ಕೈಯಲ್ಲಿರುವ ಚೀಲ ಕೆಳಗಿಡುವ ಮೊದಲು ಕೀ ಕೊಕ್ಕೆಗೆ. ಚೀಲ ಮೊದಲು ಇಟ್ಟಿರೋ, ಕೀ ಚೀಲದ ಪಕ್ಕವೇ ಉಳಿಯುತ್ತದೆ. ಎಲ್ಲಿ ಹೊಡೆಯಬೇಕು ಅಂತ ತೋಚದಿದ್ದರೆ ಒಂದು ವಾರ ಕೀ ತಾನಾಗಿ ಎಲ್ಲಿ ಬೀಳುತ್ತದೆ ನೋಡಿ, ಅದರ ಹತ್ತಿರವೇ ಹೊಡೆಯಿರಿ.

ಕನ್ನಡಕ ಮನೆಯೆಲ್ಲ ಓಡಾಡುವ ವಸ್ತು, ಅದಕ್ಕೆ ಒಂದೇ ಜಾಗ ಸಾಲದು. ಕುತ್ತಿಗೆಗೆ ದಾರ ಹಾಕಿ. ಓದುವ ಕನ್ನಡಕವಾದರೆ ಇನ್ನೊಂದು ಮಾಡಿಸಿ ಓದುವ ಜಾಗದಲ್ಲೇ ಕಾಯಂ ಬಿಡಿ.

ಕೀ ಎಲ್ಲಿದೆ ಅಂತ ಫೋನಿನಲ್ಲಿ ತೋರಿಸುವ ಬ್ಲೂಟೂತ್ ಟ್ಯಾಗ್ ಕಟ್ಟುವುದಾದರೆ ಒಂದು ಸೂಕ್ಷ್ಮವಿದೆ. ಮಕ್ಕಳು ನುಂಗದಿರಲಿ ಅಂತ ಕಹಿ ಲೇಪನ ಕೊಟ್ಟ ಸಿಆರ್2032 ಅನ್ನುವ ನಾಣ್ಯದಾಕಾರದ ಸೆಲ್ಲುಗಳು ಕೆಲವು ಟ್ಯಾಗ್‌ಗಳಲ್ಲಿ ಸರಿಯಾಗಿ ತಾಗುವುದಿಲ್ಲ. ಹೊಸ ಸೆಲ್ ಹಾಕಿದರೂ ಟ್ಯಾಗ್ ಸತ್ತಂತಿದ್ದರೆ ಮೊದಲು ಅದನ್ನು ನೋಡಿ.

ಕಳೆದೇಹೋದರೆ ಹುಡುಕುವುದಕ್ಕೂ ರೀತಿಯಿದೆ. ವಸ್ತು ಇರಬೇಕಾದ ಜಾಗದ ಸುತ್ತ ಒಂದು ಮೊಳದಷ್ಟನ್ನು ಕೈಯಿಂದ ಎತ್ತಿ, ಸರಿಸಿ ನೋಡಿ. ಮೇಲೆ ಬಿದ್ದ ಕಾಗದ, ಟವೆಲ್ ಕೆಳಗೆ ಸಿಗುವುದು ಬಹಳ. ಆಮೇಲೆ ಅದನ್ನು ಕೊನೆಯ ಸಲ ಖಂಡಿತವಾಗಿ ಬಳಸಿದ್ದು ಯಾವಾಗ ಅಂತ ಯೋಚಿಸಿ ಅಲ್ಲಿಂದ ನಡೆದು ಬನ್ನಿ. ಚೆನ್ನಾಗಿ ನೋಡಿದ ಜಾಗಕ್ಕೆ ಮತ್ತೆ ಹೋಗಬೇಡಿ.

ಎರಡು ಸುತ್ತು ಉತ್ತರಿಸಿದ್ದು:

ಬೀಗ, ಒಲೆಯ ಸಂಶಯ ಬೇರೆ ಜಾತಿಯದು. ಇಲ್ಲಿ ಕೆಲಸ ಆಗಿರುತ್ತೆ. ಆದರೆ ಇವತ್ತು ಹಾಕಿದ ಬೀಗ ನಿನ್ನೆಯದರ ಹಾಗೇ, ಮೊನ್ನೆಯದರ ಹಾಗೇ ಇರೋದರಿಂದ ಇವತ್ತಿನದನ್ನು ಬೇರೆ ಮಾಡಿ ತೋರಿಸುವ ಗುರುತು ಏನೂ ಉಳಿಯಲ್ಲ. ಆ ಗುರುತನ್ನು ನೀವೇ ಹಾಕಬೇಕು. ಕೈ ಬೀಗದ ಮೇಲಿರುವಾಗಲೇ, ಕೀ ತೆಗೆಯುವ ಮೊದಲು, ಬಾಯಿಬಿಟ್ಟು ಹೇಳಿ: "ಮಂಗಳವಾರ, ಬೀಗ ಬಿತ್ತು." ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು. ಬೆರಳು ತೋರಿಸಿ ಜೋರಾಗಿ ಹೇಳುವ ಈ ಪದ್ಧತಿ ಜಪಾನಿನ ರೈಲ್ವೆಯಲ್ಲಿದೆ. ಚಾಲಕರು ಸಿಗ್ನಲ್ಲಿಗೆ ಬೆರಳು ತೋರಿಸಿ ಅದು ಏನು ಹೇಳುತ್ತಿದೆ ಅಂತ ಬಾಯಲ್ಲಿ ಹೇಳುತ್ತಾರೆ. ವಾರದ ಹೆಸರು ಬಿಡಬೇಡಿ. ಬರೀ "ಬೀಗ ಬಿತ್ತು" ಅಂದರೆ ಹತ್ತು ದಿನಕ್ಕೆ ಅದೂ ಯಾಂತ್ರಿಕವಾಗುತ್ತೆ.

ಮತ್ತೆ ಮತ್ತೆ ನೋಡುವುದು ಮಾತ್ರ ಬೇಡವೇ ಬೇಡ. 2003ರಲ್ಲಿ ನೆದರ್‌ಲ್ಯಾಂಡ್ಸ್‌ನ ವಾನ್ ಡೆನ್ ಹೌಟ್ ಮತ್ತು ಕಿಂಟ್ ಕಂಪ್ಯೂಟರಿನಲ್ಲಿ ಒಂದು ಗ್ಯಾಸ್ ಒಲೆ ಮಾಡಿ, ಅದು ಆರಿದೆಯೇ ಅಂತ ಪದೇ ಪದೇ ಪರೀಕ್ಷಿಸಲು ಹೇಳಿದರು. ಪರೀಕ್ಷಿಸಿದವರ ನೆನಪು ತಪ್ಪಾಗಿರಲಿಲ್ಲ, ಆದರೆ ಅದರ ಸ್ಪಷ್ಟತೆಯೂ ಅದರ ಮೇಲಿನ ನಂಬಿಕೆಯೂ ಕುಗ್ಗಿಹೋಗಿತ್ತು. ಅಂದರೆ ಮೂರನೇ ಸಲ ನೋಡಿ ಬಂದಾಗ ಸಂಶಯ ತೀರಲ್ಲ, ಬೆಳೆಯುತ್ತೆ. ಒಂದೇ ಸಲ, ಸರಿಯಾಗಿ ನೋಡಿ, ಹೇಳಿ, ಹೊರಡಿ. ಪರೀಕ್ಷಿಸುವುದರಲ್ಲೇ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೋಗುತ್ತಿದ್ದರೆ ಅದು ಪರಧ್ಯಾನ ಅಲ್ಲ, ಗೀಳು ಕಾಯಿಲೆ ಇರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಮನೋವೈದ್ಯರನ್ನು ಕಾಣಿ.

ಒಲೆಗೆ ಟೈಮರ್ ಬೇಕೇ ಬೇಕು, ಆದರೆ ಅಡುಗೆಮನೆಯ ಗೋಡೆಗೆ ಅಂಟಿಸಿದ್ದಲ್ಲ. ಒಲೆ ಮರೆಯುವುದೇ ಅಡುಗೆಮನೆ ಬಿಟ್ಟು ಹೋದಾಗ. ಜೇಬಿನಲ್ಲಿ ಅಥವಾ ಬಟ್ಟೆಗೆ ಸಿಕ್ಕಿಸಿಕೊಂಡು ಹೋಗುವಂಥದ್ದು ತೆಗೆದುಕೊಳ್ಳಿ, ಒಲೆ ಹಚ್ಚುವ ಮೊದಲೇ ತಿರುಗಿಸಿ. ಹಚ್ಚಿದ ಮೇಲೆ ತಿರುಗಿಸೋಣ ಅಂದುಕೊಂಡರೆ ಟೈಮರೇ ಮರೆತುಹೋಗುತ್ತೆ.

ಇನ್ನೊಂದು ಮಾತು ಇದಕ್ಕೆ ಸೇರಿದ್ದು. ಮುಖ್ಯ ಕೆಲಸ ಮುಗಿದ ಕೂಡಲೇ ಮನಸ್ಸು ಎದ್ದು ಹೋಗುತ್ತೆ, ಬಾಲದ ಕೆಲಸ ಉಳಿಯುತ್ತೆ. ಜೆರಾಕ್ಸ್ ತೆಗೆದುಕೊಂಡು ಮೂಲಪ್ರತಿಯನ್ನು ಯಂತ್ರದಲ್ಲೇ ಬಿಡುವುದು ಇದೇ. ಎಷ್ಟೋ ಎಟಿಎಂಗಳು ಮೊದಲು ಕಾರ್ಡ್ ಕೊಟ್ಟು ಆಮೇಲೆ ಹಣ ಕೊಡುವುದು ಇದೇ ಕಾರಣಕ್ಕೆ. ಮನೆಯಲ್ಲೂ ಹಾಗೇ ಮಾಡಬಹುದು: ಫ್ರಿಜ್ಜಿನಲ್ಲಿರುವ ವಸ್ತು ನಾಳೆ ಒಯ್ಯಬೇಕಿದ್ದರೆ ಗಾಡಿಯ ಕೀಯನ್ನು ಅದರ ಪಕ್ಕ ಫ್ರಿಜ್ಜಿನಲ್ಲೇ ಇಡಿ. ಅದನ್ನು ಮುಟ್ಟದೆ ಹೊರಡಲು ಆಗಲ್ಲ. ಕೈಗೆ ಸಿಗುವಲ್ಲಿ ಇನ್ನೊಂದು ಕೀ ಇದ್ದರೆ ಮಾತ್ರ ಈ ಉಪಾಯ ಕೆಡುತ್ತೆ.

ಹೊಸ್ತಿಲು ಉತ್ತರಿಸಿದ್ದು:

ಕೋಣೆಗೆ ಹೋಗಿ ನಿಂತುಬಿಡುವುದಕ್ಕೆ ಹೆದರಬೇಕಿಲ್ಲ. ಬಾಗಿಲು ದಾಟಿದಾಗ ಮನಸ್ಸು ಒಂದು ಸನ್ನಿವೇಶ ಮುಚ್ಚಿ ಇನ್ನೊಂದನ್ನು ತೆರೆಯುತ್ತದೆ, ಹಿಂದಿನದು ಸ್ವಲ್ಪ ಮಸುಕಾಗುತ್ತದೆ. ಅಮೆರಿಕದ ಗೇಬ್ರಿಯಲ್ ರಾಡ್ವಾನ್‌ಸ್ಕಿ ಇದರ ಮೇಲೆ ಪ್ರಯೋಗ ಮಾಡಿದ್ದಾರೆ. ಏಳುವ ಮೊದಲು ತರಬೇಕಾದ ವಸ್ತುವಿನ ಹೆಸರನ್ನು ಒಂದೇ ಪದದಲ್ಲಿ ಹೇಳಿಕೊಳ್ಳಿ, "ಕತ್ತರಿ". ಆಗಲೇ ಮರೆತಿದ್ದರೆ ಎದ್ದ ಜಾಗಕ್ಕೆ ಹೋಗಿ ಕುಳಿತುಕೊಳ್ಳಿ. ಅರ್ಧ ಹೊಲಿದ ಬಟ್ಟೆ ಕಂಡ ಕೂಡಲೇ ಕತ್ತರಿ ನೆನಪಾಗುತ್ತದೆ.

ಆಮೇಲೆ ಅಲ್ಲ ಈಗ ಉತ್ತರಿಸಿದ್ದು:

ಫೋನ್ ಮಾಡುವುದು, ಮಾತ್ರೆ ನುಂಗುವುದು ಮುಂದೆ ಮಾಡಬೇಕಾದದ್ದರ ನೆನಪು, ಇದರ ರೀತಿಯೇ ಬೇರೆ. ಏನು ಮಾಡಬೇಕು ಅನ್ನುವುದು ನಿಮಗೆ ಗೊತ್ತಿರುತ್ತದೆ, ಆದರೆ ಆ ಹೊತ್ತಿಗೆ ಸರಿಯಾಗಿ ಅದು ಎದ್ದು ಬರಬೇಕು. ಗಡಿಯಾರ ನೋಡಿ ಮಾಡುವ ಕೆಲಸ ಕಷ್ಟ, ಒಂದು ಘಟನೆಗೆ ಕಟ್ಟಿದ ಕೆಲಸ ಸುಲಭ. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ 1990ರ ದಶಕದಲ್ಲಿ ಪ್ರಚಾರಕ್ಕೆ ತಂದ "ಹೀಗಾದಾಗ ಹೀಗೆ ಮಾಡುತ್ತೇನೆ" ಅನ್ನುವ ಸೂತ್ರ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಘಟನೆಗೆ ಚೂಪಾದ ಅಂಚಿರಬೇಕು. "ಊಟ ಆದ ಮೇಲೆ ಮಾತ್ರೆ" ಅನ್ನುವುದಕ್ಕೆ ಅಂಚಿಲ್ಲ, ಊಟ ಆದ ಮೇಲೆ ಅಂದರೆ ಮಲಗುವವರೆಗೂ ಬಂತು. "ತಟ್ಟೆ ಸಿಂಕಿನಲ್ಲಿ ಇಟ್ಟ ಕೂಡಲೇ ಮಾತ್ರೆ" ಅನ್ನುವುದಕ್ಕೆ ಅಂಚಿದೆ. ಮಾತ್ರೆ ಡಬ್ಬಿಯೂ ಸಿಂಕಿನ ಬಳಿಯೇ, ಮಕ್ಕಳ ಕೈಗೆ ಎಟುಕದ, ನೀರು ಸಿಡಿಯದ ಎತ್ತರದಲ್ಲಿರಬೇಕು. ಒಂದು ಘಟನೆಗೆ ಒಂದೇ ಕೆಲಸ ಕಟ್ಟಿ. ಮೂರು ಕಟ್ಟಿದರೆ ಮೂರೂ ಸಡಿಲ.

ಅಲಾರಂ ತಪ್ಪುವುದು ಯಾಕೆಂದರೆ, ಅದು ಕೆಲಸ ಮಾಡಲಾಗದ ಹೊತ್ತಿನಲ್ಲಿ ಬಡಿಯುತ್ತದೆ. ಗಾಡಿ ಓಡಿಸುತ್ತಿರುತ್ತೀರಿ, ಯಾರ ಜೊತೆಗೋ ಮಾತಾಡುತ್ತಿರುತ್ತೀರಿ, ಆರಿಸುತ್ತೀರಿ. ಆರಿಸಿದ ಕ್ಷಣವೇ ಇದ್ದ ಒಂದು ಸುಳಿವೂ ಹೋಯಿತು. ಆದ್ದರಿಂದ ಮಾತ್ರೆ ಬಾಯಿಗೆ ಬೀಳುವ ತನಕ ಆಫ್ ಒತ್ತಬಾರದು, ಸ್ನೂಜ್ ಮಾತ್ರ, 10 ನಿಮಿಷಕ್ಕೊಮ್ಮೆ. ಹೆಸರಿಡುವಾಗ "ಬ್ಯಾಂಕ್" ಅಂತ ಬರೆಯಬೇಡಿ, "ಬ್ಯಾಂಕಿಗೆ ಫೋನ್ ಮಾಡಿ ಚೆಕ್ ಪುಸ್ತಕ ಕೇಳು" ಅಂತ ಪೂರ್ತಿ ಬರೆಯಿರಿ. ಎಲ್ಲ ಅಲಾರಂಗೂ ಒಂದೇ ಸದ್ದು ಇದ್ದರೆ ಎರಡು ವಾರದಲ್ಲಿ ಕಿವಿ ಅದನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಮನೆಗೆ ಬರುವ ದಾರಿಯಲ್ಲಿ ಎಲ್ಲಾದರೂ ಇಳಿಯಬೇಕಿದ್ದರೆ ಜಾಗ್ರತೆ. ತಿರುವು ಬಂದಾಗ ಹಳೆಯ ಅಭ್ಯಾಸ ಗಾಡಿಯನ್ನು ನೇರ ಮನೆಗೇ ಎಳೆದುಕೊಂಡು ಹೋಗುತ್ತದೆ. ಸುಳಿವು ಆ ತಿರುವಿನಲ್ಲಿ ಕಣ್ಣಿಗೆ ಬೀಳಬೇಕು. ಕೊಡಬೇಕಾದ ವಸ್ತುವನ್ನು ಡಿಕ್ಕಿಯಲ್ಲಿ ಹಾಕದೆ ಪಕ್ಕದ ಸೀಟಿನ ಮೇಲಿಡಿ.

ಎಲ್ಲಿಟ್ಟೆ ಮತ್ತೆ ಕೇಳಿದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ಸ್ನೂಜ್ ವಿಷಯ ಇವತ್ತೇ ಶುರು. ಎರಡು ಪ್ರಶ್ನೆ ಉಳಿದವು. ಮಾತ್ರೆ ನುಂಗಿದ್ದೋ ಇಲ್ಲವೋ ಅನ್ನುವ ಸಂಶಯಕ್ಕೂ ವಾರದ ಹೆಸರು ಹೇಳಿದರೆ ಸಾಕೇ? ವೈದ್ಯರ ಹತ್ತಿರ ಹೋಗಬೇಕಾದ ಮರೆವು ಯಾವುದು?

ಬೆಳಗಿನ ಪಾಳಿ ಉತ್ತರಿಸಿದ್ದು:

ಎರಡನೆಯದು ಮೊದಲು. ಇಟ್ಟ ಜಾಗ ಮರೆಯುವುದು, ಹೆಸರು ನಾಲಿಗೆ ತುದಿಗೆ ಬಂದು ನಿಂತು ಆಮೇಲೆ ಹೊಳೆಯುವುದು ಸಾಮಾನ್ಯ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ವರ್ಷಗಟ್ಟಲೆ ಓಡಾಡಿದ ದಾರಿ ತಪ್ಪುವುದು, ಲೆಕ್ಕಪತ್ರ ನಿಭಾಯಿಸಲಾಗದಿರುವುದು, ಸ್ವಭಾವ ಬದಲಾಗುವುದು ಸಾಮಾನ್ಯವಲ್ಲ. ಇಂಥದ್ದನ್ನು ಮರೆತವರಿಗಿಂತ ಮನೆಯವರೇ ಮೊದಲು ಗಮನಿಸುತ್ತಾರೆ, ಅವರ ಮಾತು ಕೇಳಿ. ಗೊಂದಲ ಇದ್ದಕ್ಕಿದ್ದಂತೆ ಶುರುವಾದರೆ, ಮಾತು ತೊದಲಿದರೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಇವ್ಯಾವುದೂ ಇಲ್ಲದೆ ಕೆಲವು ತಿಂಗಳಿಂದ ಮರೆವು ಹೆಚ್ಚಿದ್ದರೂ ಒಮ್ಮೆ ತೋರಿಸಿ, ಸರಿಮಾಡಬಹುದಾದ ಕಾರಣಗಳು ಹಲವು. ಬಿ12 ಕೊರತೆ, ಥೈರಾಯ್ಡ್ ಕಡಿಮೆಯಾಗಿರುವುದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತವೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ12 ಇಳಿಯಬಹುದು, ಅದನ್ನು ವೈದ್ಯರಿಗೆ ಹೇಳಿ. ನಿದ್ದೆ ಮಾತ್ರೆಗಳು, ಡೈಫೆನ್‌ಹೈಡ್ರಮೀನ್‌ನಂಥ ಹಳೆಯ ಅಲರ್ಜಿ ಔಷಧಿಗಳು, ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ಗಮನವನ್ನು ಮಂಕು ಮಾಡಬಹುದು. ತಾವಾಗಿ ನಿಲ್ಲಿಸಬೇಡಿ, ಎಲ್ಲ ಔಷಧಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಖಿನ್ನತೆ, ಗೊರಕೆಯ ಜೊತೆ ಉಸಿರು ಕಟ್ಟುವ ನಿದ್ದೆ, ದಿನಾ 7 ಗಂಟೆಗಿಂತ ಕಡಿಮೆ ನಿದ್ದೆ, ಇವೂ ಅಷ್ಟೇ. ಕಿವಿ ಮಂದವಾದವರಿಗೆ ಹೇಳಿದ ಮಾತು ಕೇಳಿಸಿಯೇ ಇರುವುದಿಲ್ಲ. ಮನೆಯವರು ಅದನ್ನೂ ಮರೆವಿನ ಲೆಕ್ಕಕ್ಕೆ ಸೇರಿಸುತ್ತಾರೆ.

ಇನ್ನು ಮಾತ್ರೆ. ಬಾಯಿಮಾತು ಸಾಲದು, ಕಣ್ಣಿಗೆ ಪುರಾವೆ ಬೇಕು. ವಾರಕ್ಕೆ 7 ಮನೆಯ ಡಬ್ಬಿ, ದಿನಕ್ಕೆ ನಾಲ್ಕು ಹೊತ್ತಾದರೆ 28 ಮನೆಯದು. ವಾರದಲ್ಲಿ ಒಂದು ದಿನ ಗೊತ್ತುಮಾಡಿ, ಬೆಳಕಿನಲ್ಲಿ ಕುಳಿತು, ಒಂದು ಔಷಧಿಯನ್ನು ಏಳೂ ಮನೆಗೆ ಹಾಕಿ ಮುಗಿಸಿ ಆಮೇಲೆ ಮುಂದಿನದನ್ನು ತೆಗೆಯಿರಿ. ಮನೆ ಖಾಲಿಯಿದ್ದರೆ ನುಂಗಿದ್ದೀರಿ. ತುಂಬಿದ್ದರೆ ತಪ್ಪಿದೆ, ಆಗ ಎರಡು ಒಟ್ಟಿಗೆ ನುಂಗಬೇಡಿ, ತಪ್ಪಿದಾಗ ಏನು ಮಾಡಬೇಕು ಅಂತ ಪ್ರತಿಯೊಂದು ಔಷಧಿಗೂ ವೈದ್ಯರಿಂದ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್‌ನಂಥ ವಾರಕ್ಕೊಮ್ಮೆಯ ಮಾತ್ರೆ ಇದ್ದರೆ ವಿಶೇಷ ಎಚ್ಚರ ಬೇಕು, ಅದು ದಿನದ ಮನೆಗಳಿಗೆಲ್ಲ ಬಿದ್ದರೆ ಪ್ರಾಣಕ್ಕೇ ಅಪಾಯ.

ಎರಡು ಸುತ್ತು ಸೇರಿಸಿದ್ದು:

ಡಬ್ಬಿಗೆ ಹಾಕಬಾರದ ಔಷಧಿಗಳೂ ಇವೆ. ರಕ್ತ ಹೆಪ್ಪುಗಟ್ಟದಿರಲು ಕೊಡುವ ಡಾಬಿಗಾಟ್ರಾನ್ ತೇವ ಹೀರಿ ಕೆಡುತ್ತೆ, ಅದು ಬಂದ ಪೊಟ್ಟಣದಲ್ಲೇ ಇರಬೇಕು. ನಾಲಿಗೆ ಕೆಳಗಿಡುವ ನೈಟ್ರೋಗ್ಲಿಸರಿನ್ ಮಾತ್ರೆ ಅದರ ಗಾಜಿನ ಸೀಸೆಯಲ್ಲೇ ಇರಬೇಕು, ಆದರೆ ಅದು ಎದೆನೋವು ಬಂದಾಗಿನದು, ದಿನದ ಲೆಕ್ಕಕ್ಕೆ ಬರಲ್ಲ. ಡಾಬಿಗಾಟ್ರಾನ್‌ನಂಥದಕ್ಕೆ ಆಯಾ ಹೊತ್ತಿನ ಮನೆಯಲ್ಲಿ ಹೆಸರು ಬರೆದ ಒಂದು ಚೀಟಿ ಮಡಚಿ ಇಡಿ. ಮಾತ್ರೆ ಪೊಟ್ಟಣದಿಂದ ತೆಗೆದು ನುಂಗಿದ ಮೇಲೆ ಚೀಟಿಯನ್ನು ಡಬ್ಬಿಯಿಂದ ತೆಗೆದು ಪೊಟ್ಟಣದ ಜೊತೆ ಸೇರಿಸಿ. ಮುಂದಿನ ವಾರ ಡಬ್ಬಿ ತುಂಬುವಾಗ ಚೀಟಿಗಳು ಅಲ್ಲೇ ಸಿಗುತ್ತವೆ.