ಕೆರೆಗಳ ಮಾಹಿತಿಗೆ ಯಾವ ಲೈಸೆನ್ಸ್ ಹಾಕೋಣ?

ಕೋಡಿಹಳ್ಳ, ಮುಳಬಾಗಿಲು:
ನಮಸ್ಕಾರ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಲ್ಲಿ ಶುದ್ಧೀಕರಿಸಿದ ಕೊಳಚೆ ನೀರು, ಕೋಲಾರದ ಕೆರೆಗಳಿಗೆ ಬರಲು ಶುರುವಾದ ಮೇಲೆ, ಯಾವ ಕೆರೆಯ ಕೋಡಿ ಯಾವ ಕೆರೆಗೆ ಹರಿಯುತ್ತೆ ಅಂತ ಊರೂರಲ್ಲೂ ಕೇಳುತ್ತಾರೆ. ಅದಕ್ಕೇ ನಾವು ಹನ್ನೊಂದು ಜನ ಏರಿ, ತೂಬು, ಕೋಡಿ, ರಾಜಕಾಲುವೆ ಎಲ್ಲಾ ಸುತ್ತಿ, ಜಿಪಿಎಸ್‌ನಲ್ಲಿ ಗುರುತು ಹಾಕಿ ಒಂದು ಶೀಟ್ ಮಾಡಿದ್ದೇವೆ. ಯಾರು ಬೇಕಾದರೂ ನೋಡಬಹುದು. ಲೈಸೆನ್ಸ್, ಅಂದರೆ ಯಾರು ಹೇಗೆ ಬಳಸಬಹುದು ಅನ್ನೋ ಷರತ್ತು, ಅಂತ ಏನೂ ಬರೆದಿರಲಿಲ್ಲ.

ಹೋದ ತಿಂಗಳು ಸೈಟು ಮಾರುವವರ ಒಂದು ಆಪ್‌ನಲ್ಲಿ ನಮ್ಮ ಪಟ್ಟಿ ಪೂರ್ತಿ ಇತ್ತು. ಒಂದು ಕಡೆ ನಾನು 'ಮೂಡಲ ತೂಬು' ಬದಲು 'ಮೂಡಲ ತೂಬ' ಅಂತ ಬರೆದಿದ್ದೆ. ಅಲ್ಲೂ 'ತೂಬ'! ನಮ್ಮ ಹೆಸರು ಮಾತ್ರ ಎಲ್ಲೂ ಇಲ್ಲ. ಆ ತೂಬನ್ನು ತೋರಿಸಿದ್ದು ನಮ್ಮೂರ ನೀರುಗಂಟಿ ತಾತ. ಜಾಲಿ ಪೊದೆ ಸರಿಸಿ, ಕೋಲಿನಿಂದ ಕಲ್ಲು ತಟ್ಟಿ ತೋರಿಸಿದ್ದರು. ನನಗೆ ತುಂಬಾ ನೋವಾಯಿತು. ಹುಡುಗರು 'ವ್ಯಾಪಾರಕ್ಕೆ ಬಳಸಬಾರದು' ಅಂತ ಹಾಕೋಣ ಅನ್ನುತ್ತಾರೆ. ಇಬ್ಬರು ಕೆಲಸವನ್ನೇ ಬಿಟ್ಟಿದ್ದಾರೆ. ಏನು ಮಾಡೋದು?

ನಕ್ಷೆಪ್ರಿಯ, ಕೋಲಾರ:
ಆ ಷರತ್ತು ಹಾಕಬೇಡಿ. ಹಾಕಿದರೆ ಜನರೇ ಸೇರಿ ಮಾಡುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೂ ಸೇರಿಸೋಕೆ ಆಗಲ್ಲ, ವಿಕಿಪೀಡಿಯಾಗೂ ಆಗಲ್ಲ. ಹಾಗಂತ ಏನೂ ಬರೆಯದೆ ಬಿಟ್ಟರೆ ನಿಯತ್ತಿನವರು ಮುಟ್ಟೋಕೆ ಹಿಂಜರಿಯುತ್ತಾರೆ, ಉಳಿದವರು ಕೇಳದೇ ಒಯ್ಯುತ್ತಾರೆ. ನಿಮ್ಮ ಕಥೆಯಲ್ಲಿ ಆಗಿರೋದೂ ಅದೇ ಅಲ್ವಾ?

ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸುವ ಓಡಿಬಿಎಲ್ ಅನ್ನೋ ಮಾಹಿತಿ ಪಟ್ಟಿಗಳ ಲೈಸೆನ್ಸ್ ನಿಮಗೆ ಸರಿಹೊಂದುತ್ತೆ. ಅದರಲ್ಲಿ ವ್ಯಾಪಾರ ಮಾಡಬಹುದು. ಆದರೆ ಮೂಲ ಯಾರದು ಅಂತ ಹೇಳಲೇಬೇಕು. ನಿಮ್ಮ ಪಟ್ಟಿಯನ್ನು ತಿದ್ದಿ, ಬೆಳೆಸಿ ಹೊರಗೆ ಬಿಟ್ಟರೆ ಆ ಪಟ್ಟಿಯನ್ನೂ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕು. ಫೋಟೋಗಳಿಗೆ ಬೇರೆ ಲೈಸೆನ್ಸ್ ಬೇಕು, ಹೆಸರು ಹೇಳಿ, ಅದೇ ಷರತ್ತಿನಲ್ಲಿ ಹಂಚಿ ಅನ್ನೋ ಸಿಸಿ ಬೈ-ಎಸ್‌ಎ 4.0 ಸಾಕು. ಇನ್ನೊಂದು ಮಾತು, ಗೂಗಲ್ ಮ್ಯಾಪ್ ನೋಡಿ ಯಾರಾದರೂ ಹೆಸರು ತುಂಬಿದ್ದರೆ ಅದನ್ನು ಮೊದಲು ತೆಗೆಯಿರಿ.

ಲೈಸೆನ್ಸ್ ಹಾಕುವ ಮುಂಚೆ ಹನ್ನೊಂದು ಜನರ ಒಪ್ಪಿಗೆಯನ್ನೂ ಬರೆಸಿಕೊಳ್ಳಿ. ಓಪನ್‌ಸ್ಟ್ರೀಟ್‌ಮ್ಯಾಪ್ 2012ರಲ್ಲಿ ಲೈಸೆನ್ಸ್ ಬದಲಾಯಿಸಿದಾಗ, ಒಪ್ಪದವರು ಹಾಕಿದ್ದನ್ನೆಲ್ಲ ಅಳಿಸಬೇಕಾಯಿತು.

ಕಲ್ಯಾಣಿ, ಗೌರಿಬಿದನೂರು:
ಲೈಸೆನ್ಸ್ ಸರಿ, ಆದರೆ ಬಿಟ್ಟುಹೋದ ಇಬ್ಬರನ್ನ ಅದು ವಾಪಸ್ ಕರೆತರಲ್ಲ. ಅವರ ಮನೆಗೆ ಹೋಗಿ ಮಾತಾಡಿ. ಶೀಟ್‌ನಲ್ಲಿ 'ಯಾರು ಹೇಳಿದ್ದು' ಅಂತ ಒಂದು ಕಾಲಂ ಸೇರಿಸಿ. ಕೇಳಿ, ಒಪ್ಪಿದರೆ ಮಾತ್ರ ಹೆಸರು ಹಾಕಿ. ನಾವು ಇಲ್ಲಿ ಕಲ್ಯಾಣಿಗಳ ಪಟ್ಟಿ ಮಾಡಿದಾಗ ದೊಡ್ಡ ಹಾಳೆಯಲ್ಲಿ ನಕ್ಷೆ ಪ್ರಿಂಟ್ ಮಾಡಿಸಿ ಅರಳಿಕಟ್ಟೆ ಮೇಲೆ ಹರಡಿದೆವು. ಅಜ್ಜಿಯರೇ ಬಂದು ಮೂರು ತಪ್ಪು ತೋರಿಸಿದರು.

ಕೋಡಿಹಳ್ಳ, ಮುಳಬಾಗಿಲು:
ಭಾನುವಾರ ಏರಿ ಮೇಲೆ ಸೇರಿದ್ದೆವು. ಬಿಟ್ಟಿದ್ದ ಇಬ್ಬರೂ ಬಂದಿದ್ದರು. ಹತ್ತು ಜನ ಓಡಿಬಿಎಲ್‌ಗೆ ಸಹಿ ಹಾಕಿದರು. ಒಬ್ಬರು ಊರು ಬಿಟ್ಟಿದ್ದಾರೆ, ಫೋನ್ ನಂಬರೂ ಬದಲಾಗಿದೆ. ಅವರು ಹಾಕಿದ್ದ ಆರು ಕೆರೆ ತೆಗೆದಿದ್ದೇವೆ, ಮಳೆಗೆ ಮುಂಚೆ ಮತ್ತೆ ಸುತ್ತುತ್ತೇವೆ.

ಹೊಸ ಕಾಲಂಗೆ ನಿಮ್ಮ ಹೆಸರು ಹಾಕಲಾ ಅಂತ ತಾತನನ್ನ ಕೇಳಿದೆ. "ನಮ್ಮಪ್ಪನ ಹೆಸರೂ ಹಾಕಪ್ಪ. ಆ ತೂಬು ನನಗೆ ತೋರಿಸಿದ್ದು ಅವನೇ" ಅಂದರು. ಎರಡೂ ಹಾಕಿದ್ದೇನೆ.