ಅಪ್‌ಡೇಟ್: ಕೊನೆಗೂ ಲ್ಯಾಪ್‌ಟಾಪ್ ತಗೊಂಡೆ, ಹಗುರದ್ದನ್ನೇ

ಹೋದ ತಿಂಗಳು ಕೇಳಿದ್ದೆನಲ್ಲ, 45 ಸಾವಿರದ ಹಗುರ ಲ್ಯಾಪ್‌ಟಾಪೋ, 85 ಸಾವಿರದ ಗೇಮಿಂಗ್ ಲ್ಯಾಪ್‌ಟಾಪೋ ಅಂತ? ನಾನು ಮೆಕ್ಯಾನಿಕಲ್ ಓದ್ತಿರೋದು, ದಿನಾ ತುಮಕೂರಿಂದ ಬೆಂಗಳೂರಿಗೆ ರೈಲಲ್ಲಿ ಓಡಾಟ. ನಿಮ್ಮಲ್ಲಿ ಅರ್ಧ ಜನ "ಗೇಮಿಂಗೇ ತಗೋ, ಇಲ್ಲಾಂದ್ರೆ ಕೊರಗ್ತೀಯ" ಅಂದಿದ್ರಿ.

ನಿಜ ಹೇಳ್ಬೇಕಂದ್ರೆ ಅಂಗಡಿಗೆ ಹೋಗಿದ್ದೂ ಅದನ್ನೇ ತರೋಕೆ. ಅಲ್ಲೇ ನನ್ನ ಬ್ಯಾಗಿಗೆ ಹಾಕಿ ನೋಡಿದೆ. ಲ್ಯಾಪ್‌ಟಾಪ್ 2.3 ಕೆಜಿ, ಇಟ್ಟಿಗೆಯಂಥ ಚಾರ್ಜರ್ ಬೇರೆ. ಜೊತೆಗೆ ಪುಸ್ತಕ, ಊಟದ ಡಬ್ಬಿ. ಅಪ್ಪ ಬ್ಯಾಗ್ ಎತ್ತಿ ನೋಡಿ, "ಇದೇನೋ, ರುಬ್ಬೋ ಗುಂಡು ಹೊತ್ಕೊಂಡು ಹೋಗ್ತೀಯಾ?" ಅಂದ್ರು. ಬೆಳಗ್ಗೆ ರೈಲಲ್ಲಿ ನಿಂತ್ಕೊಳ್ಳೋಕೂ ಜಾಗ ಇರಲ್ಲ. ಅಲ್ಲಿಗೆ ಮುಗೀತು.

ತಗೊಂಡಿದ್ದು 14 ಇಂಚಿಂದು, 1.4 ಕೆಜಿ, ರೈಜೆನ್ 5 ಪ್ರೊಸೆಸರ್. 8 ಜಿಬಿ ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿತ್ತು, ಪುಣ್ಯಕ್ಕೆ ಇನ್ನಷ್ಟು ಮೆಮೊರಿ ಸೇರಿಸೋಕೆ ಒಂದು ಸ್ಲಾಟ್ ಖಾಲಿ ಇತ್ತು; ಇನ್ನೊಂದು 8 ಹಾಕಿಸ್ದೆ. ಸ್ಲಾಟ್ ಇದ್ಯಾ ನೋಡ್ಕೋ ಅಂದಿದ್ದ ಪುಣ್ಯಾತ್ಮರಿಗೆ ದೊಡ್ಡ ನಮಸ್ಕಾರ. 65 ವ್ಯಾಟ್‌ನ ಟೈಪ್-ಸಿ ಚಾರ್ಜರ್ ಫೋನಿಗೂ ಆಗತ್ತೆ.

ಯಂತ್ರದ ಭಾಗ ಡಿಸೈನ್ ಮಾಡೋ ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್‌ನಲ್ಲಿ ಬಿಡಿ ಪಾರ್ಟುಗಳು, ಅವನ್ನ ಜೋಡಿಸಿದ ಸಣ್ಣ ಅಸೆಂಬ್ಲಿ ಆರಾಮಾಗಿ ಓಡ್ತವೆ. ದೊಡ್ಡದು ತೆರೆದ್ರೆ ಫ್ಯಾನ್ ಕೂಗೋಕೆ ಶುರು, ಅದಕ್ಕೆ ಕಾಲೇಜ್ ಲ್ಯಾಬೇ ಗತಿ. ವ್ಯಾಲರಂಟ್ ಗೇಮ್ ಲೋ ಸೆಟ್ಟಿಂಗಲ್ಲಿ ಆಡಬಹುದು, ಹೊಸ ದೊಡ್ಡ ಗೇಮುಗಳ ಆಸೆ ಬಿಟ್ಟೆ.

ಒಂದೇ ಬೇಜಾರು, ಸ್ಕ್ರೀನು. ಬೆಳಕು (ಬ್ರೈಟ್‌ನೆಸ್) 250 ನಿಟ್ಸ್ ಅಷ್ಟೇ. ಕಿಟಕಿ ಪಕ್ಕ ಕೂತು ಬಿಸಿಲು ಬಿದ್ರೆ ಅಸೈನ್‌ಮೆಂಟ್ ಬದ್ಲು ನನ್ನ ಮುಖಾನೇ ಕಾಣತ್ತೆ.