ಅಪ್‌ಡೇಟ್: ಬೆಳಗಾವಿ ಕಾರ್ಯಕ್ರಮಕ್ಕೆ ಅಪ್ಪನನ್ನು ಕರ್ಕೊಂಡು ಹೋದೆ

ಹಿರಿಯ ಗಾಯಕರೊಬ್ಬರ ಲೈವ್ ಕಾರ್ಯಕ್ರಮ ಬೆಳಗಾವಿಯಲ್ಲಿದೆ, 'ದನಿ ಹೋಗಿದೆ' ಅಂತ ಕೆಲವರು, 'ಈಗಲೂ ಅದ್ಭುತ' ಅಂತ ಕೆಲವರು ಹೇಳುತ್ತಿದ್ದಾರೆ, ಅಪ್ಪನನ್ನು ಕರ್ಕೊಂಡು ಹೋಗಲಾ, ಎಲ್ಲಿ ಕೂರೋದು ಅಂತ ಕೇಳಿದ್ದೆ. ಹೋಗಿ ಬಂದೆವು.

ಮಿಕ್ಸರ್ (ಹಾಡು, ವಾದ್ಯಗಳ ಸೌಂಡ್ ಹೊಂದಿಸುವ ಯಂತ್ರ) ಹತ್ತಿರ ಕೂತ್ಕೊಳ್ಳಿ ಅಂದವರಿಗೆ ದೊಡ್ಡ ನಮಸ್ಕಾರ! ಸೌಂಡಿನವರು ಅಲ್ಲೇ ಕೂತು, ತಮ್ಮ ಕಿವಿಗೆ ಕೇಳಿಸಿದ ಹಾಗೆ ಹೊಂದಿಸುತ್ತಾರೆ, ಅಲ್ವಾ? ಹಾಡು, ತಬಲಾ, ಕೊಳಲು ಎಲ್ಲ ಬಿಡಿಬಿಡಿಯಾಗಿ ಕೇಳಿಸಿತು. ಜಾಸ್ತಿ ದುಡ್ಡು ಕೊಟ್ಟು ಮುಂದೆ ಸ್ಪೀಕರ್ ಪಕ್ಕ ಕೂತ ಕಾಕಾ ಮಾತ್ರ 'ಬರೇ ಧಡ್ ಧಡ್, ಹಾಡೇ ಕೇಳಲಿಲ್ಲೋ ಮಾರಾಯಾ' ಅಂದರು. ಒಂದೇ ಕಾರ್ಯಕ್ರಮಕ್ಕೆ ಎರಡು ಥರದ ಮಾತು ಬರೋಕೆ ಇದೂ ಕಾರಣ ಇರಬೇಕು.

ಬೇಗ ಹೋಗಿ ಅನ್ನೋ ಸಲಹೆ ಉಪಯೋಗಕ್ಕೆ ಬರಲಿಲ್ಲ. ಸನ್ಮಾನ, ಭಾಷಣ ಮುಗಿಯುವ ಹೊತ್ತಿಗೆ ಅಪ್ಪನಿಗೆ ತೂಕಡಿಕೆ.

ಹೊಸದಾಗಿ ಗೊತ್ತಾದದ್ದು ಶ್ರುತಿಯ ವಿಷಯ. ವಯಸ್ಸಾದಂತೆ ಧ್ವನಿತಂತುಗಳು ಮೊದಲಿನಷ್ಟು ಹಿಗ್ಗದೆ ಮೇಲಿನ ಸ್ವರ ಕಷ್ಟವಾಗುತ್ತದೆ, ಅದಕ್ಕೆ ಹಳೇ ಹಾಡನ್ನು ಶ್ರುತಿ ಇಳಿಸಿ ಹಾಡುತ್ತಾರಂತೆ. ಕೀಬೋರ್ಡಿನಲ್ಲಿ ಒಂದು ಬಟನ್ ಒತ್ತಿದರೆ ಸಾಕು. ಕೊಳಲಿನವರು ಮಾತ್ರ ಇನ್ನೂ ಉದ್ದದ ಕೊಳಲನ್ನೇ ತರಬೇಕು! ಕ್ಯಾಸೆಟ್ ಕೇಳಿ ಕೇಳಿ ಕಿವಿ ಪಳಗಿದವರಿಗೆ ಹಾಡು ಡಲ್ ಅನ್ನಿಸುವುದು ಇಲ್ಲೇ.

ನನ್ನ ಪ್ರಕಾರ ಜೋರು ಹಾಡುಗಳು ಸುಮಾರು, ಎತ್ತರದ ಸಾಲುಗಳನ್ನು ಕೋರಸ್‌ನವರೇ ಹಾಡಿದರು. ನಿಧಾನದ ಭಾವಗೀತೆಗಳು ಮಾತ್ರ ಮೊದಲಿಗಿಂತ ಚೆಂದ. ಅಪ್ಪ ಇದನ್ನು ಒಪ್ಪುವುದಿಲ್ಲ, ಅವರಿಗೆ ಎಲ್ಲವೂ ಚೆಂದವೇ. ಟಿಕೆಟ್ ತಗೊಳ್ಳುವ ಮುಂಚೆ ಮಿಕ್ಸರ್ ಎಲ್ಲಿಡುತ್ತಾರೆ ಅಂತ ಒಮ್ಮೆ ಕೇಳಿಬಿಡಿ.